ಜೂಜಿನ ಸಾಲ ತೀರಿಸಲೇಬೇಕೇ?

ಪ್ರಶ್ನೆ: ಇಸ್ಪೀಟು, ಆನ್‌ಲೈನ್ ರಮ್ಮಿಯಲ್ಲಿ ಸೋತು ಸಾಲವಾಗಿದೆ. ಮನೆಯಲ್ಲಿ ಇನ್ನೂ ಹೇಳಿಲ್ಲ. ಜೂಜಿನ ಸಾಲ ತೀರಿಸಬೇಕಿಲ್ಲವಂತೆ, ನಿಜವೇ?
– ಓದುಗರು, ಕಳಸ

ಉತ್ತರ: ಅರ್ಧ ನಿಜ. 1872ರ ಭಾರತೀಯ ಕರಾರು ಕಾಯ್ದೆಯ 30ನೇ ಕಲಮಿನ ಪ್ರಕಾರ ಪಂದ್ಯದ ಕರಾರು ಅನೂರ್ಜಿತ. ಆಟದಲ್ಲಿ ಗೆದ್ದವನು ದಾವೆ ಹೂಡಿ ನಿಮ್ಮಿಂದ ವಸೂಲಿ ಮಾಡಲಾರ. ಆದರೆ ಬ್ಯಾಂಕು, ಸೊಸೈಟಿಯಿಂದ ತಂದ ಹಣಕ್ಕೆ, ಅಡವಿಟ್ಟ ಚಿನ್ನಕ್ಕೆ ಈ ಮಾತು ಅನ್ವಯಿಸದು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಗೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿಗೆ ಕೊಟ್ಟಿತು. ಅದರಿಂದ ಹಳೆಯ ಸಾಲ ಅಳಿಯುವುದಿಲ್ಲ.

ಮನೆಯವರಿಗೆ ಹೇಳುವುದನ್ನು ‘ಕಾಫಿ ಮಾರಿದ ಮೇಲೆ’ ಎಂದು ಮುಂದೂಡಬೇಡಿ. ಕಾಫಿ, ಮೆಣಸಿನ ದುಡ್ಡು ವರ್ಷಕ್ಕೊಮ್ಮೆ ಬರುತ್ತದೆ, ಬಡ್ಡಿ ಪ್ರತಿ ತಿಂಗಳೂ ಏರುತ್ತದೆ. ಕೈಸಾಲವೂ ಸೇರಿ ಪೂರ್ತಿ ಲೆಕ್ಕ ಬರೆದು ಅವರ ಮುಂದಿಡಿ. ಅರ್ಧ ಮುಚ್ಚಿಟ್ಟರೆ, ಉಳಿದದ್ದು ಹೊರಬಿದ್ದ ದಿನ ಹಣಕ್ಕಿಂತ ದೊಡ್ಡ ನಷ್ಟವಾಗುತ್ತದೆ. ಎಟಿಎಂ ಕಾರ್ಡು, ಯುಪಿಐ ಇರುವ ಫೋನು ಸ್ವಲ್ಪ ಕಾಲ ಅವರ ಕೈಯಲ್ಲಿರಲಿ. ತೋಟ ಮಾರಿ ಒಮ್ಮೆಲೇ ತೀರಿಸುವ ಆತುರ ಬೇಡ. ಕಂತು ಮಾಡಿಕೊಡಿ ಎಂದು ಬ್ಯಾಂಕಿನಲ್ಲೇ ಕೇಳಿ.

ಜೂಜಿನ ಚಟವನ್ನು ವಿಶ್ವ ಆರೋಗ್ಯ ಸಂಸ್ಥೆ ಕಾಯಿಲೆಗಳ ಪಟ್ಟಿಯಲ್ಲೇ ಸೇರಿಸಿದೆ, ಚಿಕಿತ್ಸೆಯೂ ಇದೆ. ಟೆಲಿ ಮಾನಸ್ ಸಹಾಯವಾಣಿ 14416 ಉಚಿತ, ಹಗಲಿರುಳೂ ಕನ್ನಡದಲ್ಲೇ ಮಾತಾಡಬಹುದು. ದಯವಿಟ್ಟು ಇವತ್ತೇ ಕರೆ ಮಾಡಿ.