ಹಳೆಯ ಟೆಲಿಫೋಟೋ ಮಸೂರದ ಆಯ್ಕೆ ಮತ್ತು ಬಳಕೆ

ದೂರದ ಕೊಂಬೆಯ ಮೇಲೆ ಕುಳಿತ ಪಕ್ಷಿಯನ್ನು, ಅದರ ನೆಮ್ಮದಿಗೆ ಭಂಗ ಬಾರದಂತೆ ಚಿತ್ರಿಸಿಕೊಳ್ಳಲು ಟೆಲಿಫೋಟೋ ಮಸೂರ ಬೇಕು. ಹೊಸದರ ಬೆಲೆ ಲಕ್ಷಗಳನ್ನು ಮುಟ್ಟುವುದರಿಂದ, ಕೈಯಿಂದಲೇ ಫೋಕಸ್ ಮಾಡಬೇಕಾದ ಹಳೆಯ ಮಸೂರಗಳತ್ತ ಆಸಕ್ತರ ಮನಸ್ಸು ಹರಿಯುವುದು ಸಹಜ. ಆದರೆ ವಿಚಾರಿಸದೆ ಕೊಂಡರೆ ಹಣವೆಲ್ಲ ವ್ಯರ್ಥವಾದೀತು.

ಕ್ಯಾನನ್ ಸಂಸ್ಥೆಯ ಎಫ್‌ಡಿ ಶ್ರೇಣಿಯ 500 ಮಿ.ಮೀ. ಎಫ್/4.5 ಎಲ್ ಮಸೂರವನ್ನೇ ನಿದರ್ಶನವಾಗಿ ತೆಗೆದುಕೊಳ್ಳೋಣ. 500 ಮಿ.ಮೀ. ಎಂಬುದು ಇದರ ಸಂಗಮದೂರ. (ನಾಭಿದೂರವೆಂಬ ಮಾತೂ ರೂಢಿಯಲ್ಲಿದೆ, ಕಿರಣಗಳು ಕೂಡುವ ದೂರವಾದ್ದರಿಂದ ಸಂಗಮದೂರವೇ ಅನ್ವರ್ಥವೆಂದು ನನ್ನ ಎಣಿಕೆ.) ಬಣ್ಣಗಳ ಅಂಚು ಚೆದರದಂತೆ ತಡೆಯಲು ಇದರಲ್ಲಿ ಫ್ಲೋರೈಟ್ ಸ್ಫಟಿಕವನ್ನು ಅಳವಡಿಸಿದ್ದಾರೆ. ಇಂತಹ ಉತ್ತಮ ಮಸೂರವೂ 1987ರಲ್ಲಿ ಅದೇ ಸಂಸ್ಥೆ ಇಒಎಸ್ ಪದ್ಧತಿಯನ್ನು ತಂದೊಡನೆ ಅನಾಥವಾಯಿತು. ಮಸೂರವು ಕೂಡುವ ಬಳೆಗೂ ಫಿಲ್ಮಿಗೂ ಎಫ್‌ಡಿಯಲ್ಲಿ ಇರಬೇಕಾದ ಅಂತರ 42 ಮಿ.ಮೀ.; ಇಒಎಸ್‌ನಲ್ಲಾದರೋ 44. ಈ ಎರಡು ಮಿಲಿಮೀಟರಿನ ದೆಸೆಯಿಂದ, ಬರಿಯ ಬಳೆಯೊಂದನ್ನು ನಡುವೆ ಜೋಡಿಸಿದರೆ ಸಾಮಾನ್ಯವಾಗಿ ಅತಿದೂರದ ವಸ್ತುಗಳು ಸ್ಫುಟಗೊಳ್ಳವು. ಗಾಜು ಸೇರಿಸಿದ ಅಡಾಪ್ಟರಿನಿಂದ ಆ ಕೊರತೆ ನೀಗಿದರೂ ಚಿತ್ರದ ಗುಣ ಕುಗ್ಗುತ್ತದೆ. ಕನ್ನಡಿಯಿಲ್ಲದ ಇಂದಿನ ಕ್ಯಾಮೆರಾಗಳಲ್ಲಿ ಈ ಅಂತರ ಬಹಳ ಕಡಿಮೆ. ಸೋನಿ ಇ ಪದ್ಧತಿಯಲ್ಲಿ 18 ಮಿ.ಮೀ. ಮಾತ್ರ. ಉಳಿದ 24 ಮಿ.ಮೀ.ಯನ್ನು ಒಂದು ಟೊಳ್ಳು ಕೊಳವೆ ತುಂಬಿಕೊಡುತ್ತದೆ. ಆದುದರಿಂದ ತಮ್ಮ ಕ್ಯಾಮೆರಾ ಯಾವುದೆಂದು ನೋಡಿಕೊಂಡ ಬಳಿಕವೇ ಮಸೂರಕ್ಕೆ ಬೆಲೆ ಕಟ್ಟತಕ್ಕದ್ದು.

ಹೊರಮೈಯ ಗೀರುಗಳಿಗೆ ಅಂಜಬೇಕಿಲ್ಲ. ಅಂಜಬೇಕಾದುದು ಬೂಷ್ಟಿಗೆ. ಮಲೆನಾಡು, ಕರಾವಳಿಗಳ ಮಳೆಗಾಲವನ್ನು ಕಂಡ ಮಸೂರಗಳಲ್ಲಿ ಇದರ ಭಯ ಹೆಚ್ಚು. ದ್ಯುತಿರಂಧ್ರವನ್ನು ಪೂರ್ಣ ತೆರೆದು, ಹಿಂದಿನಿಂದ ಟಾರ್ಚಿನ ಬೆಳಕು ಹಾಯಿಸಿ, ಮುಂದಿನಿಂದ ಓರೆಯಾಗಿ ನೋಡಿದರೆ ಜೇಡರ ಬಲೆಯಂತಹ ಎಳೆಗಳು ಗೋಚರಿಸುತ್ತವೆ. ಗಾಜಿನ ಲೇಪವನ್ನೇ ತಿಂದಿದ್ದರೆ ಶುಚಿಗೊಳಿಸಿಯೂ ಫಲವಿಲ್ಲ. ಕೊಂಡ ಮೇಲೆ ಸಿಲಿಕಾ ಜೆಲ್ ಇರಿಸಿದ ಬಿಗಿಮುಚ್ಚಳದ ಡಬ್ಬಿಯಲ್ಲಿಡಬೇಕು. ಚರ್ಮದ ಚೀಲದಲ್ಲಿ ಇಡಲೇಬಾರದು.

ಬಳಕೆಯಲ್ಲಿ ತಾಳ್ಮೆ ಅವಶ್ಯ. 20 ಮೀಟರ್ ದೂರದ ಕೊಕ್ಕರೆಯನ್ನು ಎಫ್/4.5ರಲ್ಲಿ ಹಿಡಿದರೆ ಸ್ಫುಟವಾಗಿರುವ ಆಳ ಸುಮಾರು 40 ಸೆಂ.ಮೀ. ಅಷ್ಟೆ. ಕ್ಯಾಮೆರಾದ ಪರದೆಯಲ್ಲಿ ಬಿಂಬವನ್ನು ಹಿಗ್ಗಿಸಿ, ಹಕ್ಕಿಯ ಕಣ್ಣಿಗೇ ಫೋಕಸ್ ಹೊಂದಿಸಬೇಕು. ತ್ರಿಪಾದಿಗೆ ಬಿಗಿಯಬೇಕಾದುದು ಮಸೂರದ ಪಟ್ಟಿಯನ್ನು, ಕ್ಯಾಮೆರಾವನ್ನಲ್ಲ. ಕಾವಿಗೆ ಸಂಗಮಬಿಂದು ಕೊಂಚ ಸರಿಯುವುದರಿಂದ ಇಂತಹ ಮಸೂರಗಳ ಉಂಗುರ ಅನಂತದ ಗುರುತನ್ನು ದಾಟಿಯೂ ತಿರುಗುತ್ತದೆ. ಕೊನೆಯವರೆಗೆ ತಿರುಗಿಸಿ ನಿಶ್ಚಿಂತರಾಗುವಂತಿಲ್ಲ. ಬಿಸಿಲೇರಿದ ಮೇಲೆ ನೆಲದಿಂದ ಏಳುವ ಕಾವಿನ ಅಲೆಗಳು ಯಾವ ಮಸೂರದ ಬಿಂಬವನ್ನಾದರೂ ಕಲಕಿಬಿಡುತ್ತವೆ. ಸೂರ್ಯೋದಯದ ಮೊದಲ ಎರಡು ಗಂಟೆಗಳೇ ಈ ಕಾರ್ಯಕ್ಕೆ ಪ್ರಶಸ್ತ.