ಆಕೃತಿಯಿಲ್ಲದ ಶಿಲುಬೆಯ ಹಾದಿ

ಅಮೂರ್ತ ಚಿತ್ರಕಲೆಯು ಮನುಷ್ಯಾಕೃತಿಯನ್ನೂ ಕಥೆಯನ್ನೂ ತೊರೆದ ಕಲೆ. ಕ್ರೈಸ್ತ ಕಲೆಯಾದರೋ ಶತಮಾನಗಳ ಕಾಲ ಇವೆರಡನ್ನೇ ನೆಚ್ಚಿ ಬೆಳೆದುದು. ಹೀಗಿರುವಲ್ಲಿ ಅಮೂರ್ತ ಚಿತ್ರವು ಕ್ರೈಸ್ತ ಸಂಕೇತವನ್ನು ಹೊರಬಲ್ಲುದೇ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ.

1915ರಲ್ಲಿ ಪೆಟ್ರೋಗ್ರಾಡಿನ ಪ್ರದರ್ಶನವೊಂದರಲ್ಲಿ ಮಾಲೆವಿಚ್ ತನ್ನ ‘ಕಪ್ಪು ಚೌಕ’ವನ್ನು ಕೋಣೆಯ ಮೇಲ್ಮೂಲೆಯಲ್ಲಿ ತೂಗುಹಾಕಿದನು. ರಷ್ಯದ ಮನೆಗಳಲ್ಲಿ ಪೂಜ್ಯ ಪಟಗಳನ್ನಿಡುವ ಸ್ಥಳವದು. ಚೌಕದಲ್ಲಿ ಕ್ರೈಸ್ತವೆನ್ನಬಹುದಾದುದು ಏನೂ ಇಲ್ಲ. ಅರ್ಥವನ್ನು ಕೊಟ್ಟುದು ಅದರ ನೆಲೆ.

ಇದಕ್ಕಿಂತ ಗಹನವಾದ ಉದಾಹರಣೆ ಅಮೆರಿಕದ ಬಾರ್ನೆಟ್ ನ್ಯೂಮನ್ನನ ‘ಶಿಲುಬೆಯ ಹಾದಿ’. ನ್ಯೂಮನ್ ಯೆಹೂದ್ಯನು. 1957ರಲ್ಲಿ ಹೃದಯಾಘಾತಕ್ಕೆ ಗುರಿಯಾಗಿ ಚೇತರಿಸಿಕೊಂಡ ಅವನು, 1958ರಿಂದ 1966ರವರೆಗೆ ಹದಿನಾಲ್ಕು ಚಿತ್ರಗಳನ್ನು ರಚಿಸಿದನು. ಪ್ರತಿಯೊಂದೂ ಸುಮಾರು ಆರೂವರೆ ಅಡಿ ಎತ್ತರ, ಐದು ಅಡಿ ಅಗಲ. ಲೇಪವಿಲ್ಲದ ಬರಿಯ ಕ್ಯಾನ್ವಾಸಿನ ಮೇಲೆ ಕಪ್ಪು ಇಲ್ಲವೆ ಬಿಳಿಯ ಲಂಬ ಪಟ್ಟಿಗಳು. ಅವುಗಳಲ್ಲಿ ಕೆಲವು ನೇರ, ಕೆಲವು ಅಂಚು ಹರಿದಂತಿರುವವು. ಒಂಬತ್ತರಿಂದ ಹನ್ನೊಂದರವರೆಗಿನ ಚಿತ್ರಗಳಲ್ಲಿ ಕಪ್ಪು ಮಾಯವಾಗುತ್ತದೆ. ಹನ್ನೆರಡು, ಹದಿಮೂರರಲ್ಲಿ ಅದು ಮರಳಿ ಬಂದು ಕವಿಯುತ್ತದೆ. ಹದಿನಾಲ್ಕನೆಯದು ಬೆಳಕಿನಂತೆ ಬಿಳಿ.

ಈ ಚಿತ್ರಗಳಲ್ಲಿ ಪಿಲಾತನ ತೀರ್ಪಿಲ್ಲ, ಸಮಾಧಿಯಿಲ್ಲ. ನಾಲ್ಕನೆಯದನ್ನು ಬರೆಯುವಾಗಲಷ್ಟೇ ಈ ಮಾಲೆಯ ವಸ್ತು ಕಲಾವಿದನಿಗೆ ಸ್ಪಷ್ಟವಾಯಿತು. ‘ಲೆಮಾ ಸಬಕ್ತಾನಿ’ ಎಂಬುದು ಅವನಿಟ್ಟ ಉಪಶೀರ್ಷಿಕೆ. ದೇವರು ತನ್ನನ್ನು ತೊರೆದುದೇಕೆಂದು ಶಿಲುಬೆಯ ಮೇಲಿಂದ ಯೇಸು ಕೇಳಿದ ಪ್ರಶ್ನೆಯದು. ಆ ಕೂಗಿನ ಮೂಲವು ಯೆಹೂದ್ಯರ ಇಪ್ಪತ್ತೆರಡನೆಯ ಕೀರ್ತನೆಯಲ್ಲಿದೆ. ಆದುದರಿಂದ ಇಲ್ಲಿಯ ವಸ್ತು ಒಂದು ಮತದ ಸ್ವತ್ತಲ್ಲ; ಉತ್ತರ ದೊರೆಯದೆ ನರಳುವ ಮನುಷ್ಯನ ಪ್ರಶ್ನೆ. ಹಾದಿಯ ಘಟನೆಗಳನ್ನು ಒಂದೊಂದಾಗಿ ಹೇಳದೆ, ಒಂದೇ ಕೂಗನ್ನು ಹದಿನಾಲ್ಕು ಬಾರಿ ಕೇಳಿಸುವುದು ನ್ಯೂಮನ್ನನ ಉದ್ದೇಶ.

1966ರಲ್ಲಿ ನ್ಯೂಯಾರ್ಕಿನ ಗುಗೆನ್‌ಹೈಮ್ ಸಂಗ್ರಹಾಲಯದಲ್ಲಿ ಇವನ್ನು ಪ್ರದರ್ಶಿಸಿದಾಗ ಒಪ್ಪದ ವಿಮರ್ಶಕರೂ ಇದ್ದರು. ಹೆಸರನ್ನು ತೆಗೆದರೆ ಉಳಿಯುವುದು ಪಟ್ಟಿಗಳು ಮಾತ್ರವಲ್ಲವೇ ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಆದರೆ ಒಂದು ಸಂಗತಿಯನ್ನು ಗಮನಿಸಬೇಕು. ಕ್ಯಾಥೋಲಿಕ್ ಸಂಪ್ರದಾಯದಲ್ಲಿ ಶಿಲುಬೆಯ ಹಾದಿಯ ಭಕ್ತಿಗೆ ಅವಶ್ಯವಾದುವು ಹದಿನಾಲ್ಕು ಮರದ ಶಿಲುಬೆಗಳೇ ಹೊರತು ಚಿತ್ರಗಳಲ್ಲ. 1731ರಲ್ಲಿ ಸಂಖ್ಯೆ ಸ್ಥಿರಗೊಂಡ ಈ ಹಾದಿಯಲ್ಲಿ ಮುಖ್ಯವಾದುದು ನಡೆಯುವುದು, ನಿಲ್ಲುವುದು, ಮತ್ತೆ ನಡೆಯುವುದು. ಈ ಲಯವನ್ನು ನ್ಯೂಮನ್ ಉಳಿಸಿಕೊಂಡಿದ್ದಾನೆ. ಒಂದೇ ಚಿತ್ರವನ್ನು ಬಿಡಿಯಾಗಿ ಕಂಡವನಿಗೆ ಅದು ಮೂಕ. ಸಾಲನ್ನು ಹಿಡಿದು ನಡೆದವನಿಗೆ ಕಪ್ಪು ಸಂಕಟವಾಗಿಯೂ ಬಿಳಿ ಬಿಡುಗಡೆಯಾಗಿಯೂ ತೋರಬಹುದು.

ಈ ಮಾಲೆ ಈಗ ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಸಂಕೇತವು ಆಕಾರದಲ್ಲಿಯೇ ಅಡಗಿರಬೇಕಾಗಿಲ್ಲ. ನೆಲೆ, ಎಣಿಕೆ, ಹೆಸರು, ಅನುಕ್ರಮ ಇವೂ ಅದಕ್ಕೆ ಆಶ್ರಯವಾಗಬಲ್ಲುವು ಎಂಬುದಕ್ಕೆ ಇದು ಸಾಕ್ಷಿ.