ಇಂಧನ ಪಂಪ್ ನಿಯಂತ್ರಣ ಮಾಡ್ಯೂಲ್

ಇಂಧನ ಪಂಪ್ ನಿಯಂತ್ರಣ ಮಾಡ್ಯೂಲ್ ಎಂಬುದು ವಾಹನದ ಇಂಧನ ಟ್ಯಾಂಕಿನಲ್ಲಿರುವ ವಿದ್ಯುತ್ ಪಂಪಿಗೆ ದೊರೆಯುವ ವಿದ್ಯುಚ್ಛಕ್ತಿಯನ್ನು ನಿಯಂತ್ರಿಸುವ ಎಲೆಕ್ಟ್ರಾನಿಕ್ ಸಾಧನ. ಎಂಜಿನ್ನಿಗೆ ಯಾವ ಕ್ಷಣದಲ್ಲಿ ಎಷ್ಟು ಇಂಧನ ಬೇಕೋ ಅದಕ್ಕೆ ತಕ್ಕಂತೆ ಪಂಪಿನ ವೇಗವನ್ನು ಹೆಚ್ಚಿಸುವುದು ಅಥವಾ ತಗ್ಗಿಸುವುದು ಇದರ ಕೆಲಸ. ಟ್ರಕ್, ಪಿಕಪ್ ಮತ್ತು ವ್ಯಾನುಗಳಲ್ಲಿ ಈ ಮಾಡ್ಯೂಲ್ ಕೆಟ್ಟರೆ ವಾಹನವು ಓಡುತ್ತಿರುವಾಗಲೇ ನಿಲ್ಲಬಹುದು ಅಥವಾ ಸ್ಟಾರ್ಟ್ ಆಗದೇ ಇರಬಹುದು. ಇದರ ಲಕ್ಷಣಗಳು ಪಂಪ್ ಕೆಟ್ಟಾಗಿನ ಲಕ್ಷಣಗಳನ್ನೇ ಹೋಲುವುದರಿಂದ, ಸರಿಯಾಗಿರುವ ಪಂಪನ್ನು ಬದಲಾಯಿಸಿ ಹಣ ಕಳೆದುಕೊಳ್ಳುವ ಸಂಭವ ಹೆಚ್ಚು.

ಹಿನ್ನೆಲೆ

ಕಾರ್ಬ್ಯುರೇಟರ್ ಇದ್ದ ಹಳೆಯ ಪೆಟ್ರೋಲ್ ಎಂಜಿನ್ನುಗಳಲ್ಲಿ ಇಂಧನವನ್ನು ಬಹುತೇಕ ಯಾಂತ್ರಿಕ ಪಂಪ್ ಪೂರೈಸುತ್ತಿತ್ತು. ಎಂಜಿನ್ನಿನ ಕ್ಯಾಮ್ ಅದನ್ನು ನಡೆಸುತ್ತಿದ್ದು, ಒತ್ತಡ 1 ಬಾರ್‌ಗಿಂತ ಕಡಿಮೆ ಇರುತ್ತಿತ್ತು. 1984ರಲ್ಲಿ ಮಾರುಕಟ್ಟೆಗೆ ಬಂದು ಮುಂದೆ ಓಮ್ನಿ ಎಂದು ಹೆಸರಾದ ಮಾರುತಿ ವ್ಯಾನ್ ಕೂಡ ಆರಂಭದಲ್ಲಿ ಕಾರ್ಬ್ಯುರೇಟರ್ ಎಂಜಿನ್ ಹೊಂದಿತ್ತು. ಇಂಜೆಕ್ಷನ್ ವ್ಯವಸ್ಥೆ ಬಂದ ಮೇಲೆ ಸಾಮಾನ್ಯವಾಗಿ 3ರಿಂದ 4 ಬಾರ್ ಒತ್ತಡ ಅಗತ್ಯವಾಯಿತು. ಆದ್ದರಿಂದ ಟ್ಯಾಂಕಿನೊಳಗೆ ಇಂಧನದಲ್ಲಿ ಮುಳುಗಿರುವ ವಿದ್ಯುತ್ ಪಂಪ್ ಬಳಕೆಗೆ ಬಂದಿತು.

ಮೊದಮೊದಲು ಈ ಪಂಪುಗಳು ರಿಲೇ ಮೂಲಕ ಸದಾ ಪೂರ್ಣ ವೇಗದಲ್ಲಿ ಓಡುತ್ತಿದ್ದವು. ಹೆಚ್ಚಾದ ಇಂಧನ ಮರಳಿ ಟ್ಯಾಂಕಿಗೆ ಹರಿಯುತ್ತಿತ್ತು. ಇದರಿಂದ ಟ್ಯಾಂಕಿನ ಇಂಧನ ಬಿಸಿಯಾಗುತ್ತಿತ್ತು ಮತ್ತು ವಿದ್ಯುತ್ ವ್ಯರ್ಥವಾಗುತ್ತಿತ್ತು. ಅಗತ್ಯವಿರುವಷ್ಟೇ ಇಂಧನವನ್ನು ಕಳುಹಿಸುವ ವ್ಯವಸ್ಥೆಯ ಭಾಗವಾಗಿ ನಿಯಂತ್ರಣ ಮಾಡ್ಯೂಲ್ ರೂಪುಗೊಂಡಿತು.

ಕಾರ್ಯವಿಧಾನ

ಎಂಜಿನ್ ನಿಯಂತ್ರಣ ಘಟಕವು (ಇಸಿಎಂ) ಆಕ್ಸಿಲರೇಟರ್, ಎಂಜಿನ್ ವೇಗ, ಇಂಧನ ಒತ್ತಡ ಮೊದಲಾದ ಸಂವೇದಕಗಳ ಮಾಹಿತಿಯನ್ನು ಪಡೆದು ಮಾಡ್ಯೂಲಿಗೆ ಆಜ್ಞೆ ನೀಡುತ್ತದೆ. ಮಾಡ್ಯೂಲಿನೊಳಗಿನ ಟ್ರಾನ್ಸಿಸ್ಟರ್ ಪಂಪಿಗೆ ಹೋಗುವ ವಿದ್ಯುತ್ತನ್ನು ಒಂದು ಸೆಕೆಂಡಿನಲ್ಲಿ ಅನೇಕ ಬಾರಿ ಹರಿಸಿ ನಿಲ್ಲಿಸುತ್ತದೆ. ಹರಿಯುವ ಅವಧಿ ಹೆಚ್ಚಿದರೆ ಪಂಪ್ ವೇಗವಾಗಿಯೂ, ಕಡಿಮೆಯಾದರೆ ನಿಧಾನವಾಗಿಯೂ ತಿರುಗುತ್ತದೆ. ಏರಿನಲ್ಲಿ ಹೊರೆ ಹೊತ್ತು ಸಾಗುವಾಗ ಅವಧಿ ಹೆಚ್ಚುತ್ತದೆ. ವಾಹನ ನಿಂತು ಎಂಜಿನ್ ಮಾತ್ರ ಓಡುತ್ತಿರುವಾಗ ತಗ್ಗುತ್ತದೆ. ಹೊಸ ಮಾದರಿಯ ಕೆಲವು ವಾಹನಗಳಲ್ಲಿ ಬ್ರಷ್ ಇಲ್ಲದ ಮೂರು ಹಂತದ ಪಂಪ್ ಇದ್ದು, ಅದು ಮಾಡ್ಯೂಲಿನ ನೆರವಿಲ್ಲದೆ ತಿರುಗಲಾರದು.

ಎಲ್ಲ ವಾಹನಗಳಲ್ಲಿಯೂ ಈ ಮಾಡ್ಯೂಲ್ ಇರುವುದಿಲ್ಲ. ಭಾರತದ ಅನೇಕ ಸಣ್ಣ ಪೆಟ್ರೋಲ್ ವ್ಯಾನುಗಳಲ್ಲಿ ಇಸಿಎಂ ಆಜ್ಞೆಯಂತೆ ಕೆಲಸ ಮಾಡುವ ರಿಲೇ ಮಾತ್ರ ಇರುತ್ತದೆ. ಕಾಮನ್ ರೈಲ್ ಡೀಸೆಲ್ ವಾಹನಗಳಲ್ಲಿ ಅಧಿಕ ಒತ್ತಡದ ಪಂಪನ್ನು ಎಂಜಿನ್ನೇ ನಡೆಸುತ್ತದೆ. ಅದರೊಳಗೆ ಹೋಗುವ ಇಂಧನದ ಪ್ರಮಾಣವನ್ನು ಇಸಿಎಂ ಒಂದು ಕವಾಟದ ಮೂಲಕ ನಿಯಂತ್ರಿಸುತ್ತದೆ. ಆದ್ದರಿಂದ ದುರಸ್ತಿಗೆ ಮುನ್ನ ವಾಹನದ ವೈರಿಂಗ್ ನಕ್ಷೆಯನ್ನು ನೋಡುವುದು ಅವಶ್ಯ.

ದೋಷಕ್ಕೆ ಕಾರಣಗಳು

ಅನೇಕ ಟ್ರಕ್ಕುಗಳಲ್ಲಿ ಮಾಡ್ಯೂಲನ್ನು ಚಾಸಿಯ ಹಿಂಭಾಗದಲ್ಲಿ, ಸ್ಟೆಪ್ನಿಯ ಮೇಲ್ಭಾಗದಲ್ಲಿ ಅಳವಡಿಸಲಾಗಿರುತ್ತದೆ. ಅಲ್ಲಿ ಕೆಸರು, ನೀರು ಮತ್ತು ಧೂಳು ಸೇರಿಕೊಳ್ಳುತ್ತವೆ. 2004ರಿಂದ 2008ರವರೆಗಿನ ಫೋರ್ಡ್ ಎಫ್-150 ಪಿಕಪ್ಪುಗಳಲ್ಲಿ ಮಾಡ್ಯೂಲಿನ ಅಲ್ಯೂಮಿನಿಯಂ ತಳವು ಉಕ್ಕಿನ ಚಾಸಿಗೆ ನೇರವಾಗಿ ತಾಗುತ್ತಿದ್ದುದರಿಂದ ಸವೆದು ಒಡೆಯುತ್ತಿದ್ದುದು ಪ್ರಸಿದ್ಧ ಉದಾಹರಣೆ. ಎರಡು ಬೇರೆ ಲೋಹಗಳು ತೇವದಲ್ಲಿ ತಾಗಿದಾಗ ಅಲ್ಯೂಮಿನಿಯಂ ಬೇಗನೆ ಕ್ಷಯಿಸುತ್ತದೆ. ಬದಲಿ ಮಾಡ್ಯೂಲುಗಳಲ್ಲಿ ಎರಡರ ನಡುವೆ ಅಂತರವಿರುವಂತೆ ವಿನ್ಯಾಸ ಮಾಡಲಾಯಿತು.

ಇನ್ನೊಂದು ಕಾರಣ ಪಂಪೇ ಆಗಿರಬಹುದು. ಫಿಲ್ಟರ್ ಕಟ್ಟಿಕೊಂಡಾಗ ಅಥವಾ ಪಂಪ್ ಸವೆದಾಗ ಅದು ಹೆಚ್ಚು ವಿದ್ಯುತ್ ಪ್ರವಾಹವನ್ನು ಎಳೆಯುತ್ತದೆ. ಮಾಡ್ಯೂಲ್ ಬಿಸಿಯಾಗಿ ಹಾಳಾಗುತ್ತದೆ. ಇಂತಹ ಸಂದರ್ಭದಲ್ಲಿ ಮಾಡ್ಯೂಲನ್ನು ಮಾತ್ರ ಬದಲಾಯಿಸಿದರೆ ಹೊಸದೂ ಅಲ್ಪಕಾಲದಲ್ಲಿ ಕೆಡುತ್ತದೆ. ಟ್ಯಾಂಕಿನ ಇಂಧನವೇ ಪಂಪನ್ನು ತಂಪಾಗಿಡುವುದರಿಂದ, ಸದಾ ತಳ ಕಾಣುವಷ್ಟೇ ಇಂಧನದಲ್ಲಿ ವಾಹನ ಓಡಿಸುವುದು ಪಂಪಿಗೆ ಹಾನಿಕರ.

ಲಕ್ಷಣಗಳು

* ಇಗ್ನಿಷನ್ ಕೀ ತಿರುಗಿಸಿದಾಗ ಸುಮಾರು 2 ಸೆಕೆಂಡು ಕೇಳಿಸಬೇಕಾದ ಪಂಪಿನ ಸದ್ದು ಕೇಳಿಸದಿರುವುದು.
* ಸ್ಟಾರ್ಟರ್ ತಿರುಗಿದರೂ ಎಂಜಿನ್ ಹೊತ್ತಿಕೊಳ್ಳದಿರುವುದು.
* ಬಿಸಿಯಾದಾಗ ನಿಂತು, ತಣ್ಣಗಾದ ಮೇಲೆ ಮತ್ತೆ ಓಡುವುದು.
* ಏರಿನಲ್ಲಿ ಅಥವಾ ಹೊರೆಯಿದ್ದಾಗ ಎಳೆಯುವ ಶಕ್ತಿ ಕುಂದುವುದು.
* ಎಂಜಿನ್ ಎಚ್ಚರಿಕೆಯ ದೀಪ ಬೆಳಗುವುದು.

ಸ್ಕ್ಯಾನರ್ ಜೋಡಿಸಿದಾಗ ಪಿ0230 (ಪಂಪಿನ ಪ್ರಾಥಮಿಕ ಮಂಡಲದ ದೋಷ), ಪಿ0087 (ಇಂಧನ ಒತ್ತಡ ಕಡಿಮೆ), ಯು0109 (ಮಾಡ್ಯೂಲಿನೊಂದಿಗೆ ಸಂಪರ್ಕ ಕಡಿತ) ಮುಂತಾದ ಸಂಕೇತಗಳು ಕಾಣಬಹುದು. ಸಂಕೇತವು ದೋಷವಿರುವ ಮಂಡಲವನ್ನು ಸೂಚಿಸುತ್ತದೆಯೇ ಹೊರತು ಕೆಟ್ಟ ಭಾಗವನ್ನಲ್ಲ. ಪೆಟ್ರೋಲ್ ಮತ್ತು ಸಿಎನ್‌ಜಿ ಎರಡರಲ್ಲೂ ಓಡುವ ವ್ಯಾನು ಅನಿಲದಲ್ಲಿ ಸರಾಗವಾಗಿ ಸಾಗಿ ಪೆಟ್ರೋಲಿನಲ್ಲಿ ಮಾತ್ರ ನಿಂತರೆ, ದೋಷ ಪೆಟ್ರೋಲ್ ಪೂರೈಕೆಯ ಕಡೆ ಇರುವ ಸಾಧ್ಯತೆ ಹೆಚ್ಚು.

ಪರೀಕ್ಷೆ

ಮೊದಲು ಬ್ಯಾಟರಿ, ಫ್ಯೂಸ್ ಮತ್ತು ರಿಲೇಗಳನ್ನು ಪರೀಕ್ಷಿಸಬೇಕು. ಬಳಿಕ ಮಾಡ್ಯೂಲಿನ ಕನೆಕ್ಟರಿನಲ್ಲಿ ನಾಲ್ಕು ಸಂಗತಿಗಳನ್ನು ಕ್ರಮವಾಗಿ ನೋಡಬೇಕು: ಬ್ಯಾಟರಿಯ ವೋಲ್ಟೇಜ್ ಬರುತ್ತಿದೆಯೇ, ಅರ್ತ್ ಸರಿಯಾಗಿದೆಯೇ, ಇಸಿಎಂನಿಂದ ಆಜ್ಞೆ ತಲುಪುತ್ತಿದೆಯೇ, ಪಂಪಿನ ಕಡೆಗೆ ವಿದ್ಯುತ್ ಹೊರಡುತ್ತಿದೆಯೇ. ಮೊದಲ ಮೂರೂ ಸರಿಯಿದ್ದು ನಾಲ್ಕನೆಯದು ಇಲ್ಲವಾದರೆ ಮಾಡ್ಯೂಲ್ ಕೆಟ್ಟಿದೆ ಎಂದು ತೀರ್ಮಾನಿಸಬಹುದು. ವಿದ್ಯುತ್ ಹೊರಟರೂ ಪಂಪ್ ತಿರುಗದಿದ್ದರೆ ಪಂಪಿನಲ್ಲಿ ಅಥವಾ ನಡುವಿನ ತಂತಿಯಲ್ಲಿ ದೋಷವಿರುತ್ತದೆ. ಮಾಡ್ಯೂಲಿನಿಂದ ಹೊರಡುವ ವಿದ್ಯುತ್ ತುಂಡುತುಂಡಾಗಿರುವುದರಿಂದ ಮಲ್ಟಿಮೀಟರ್ ಅದರ ಸರಾಸರಿಯನ್ನಷ್ಟೇ ತೋರಿಸುತ್ತದೆ. ನಿಖರ ರೂಪ ಕಾಣಲು ಆಸಿಲೋಸ್ಕೋಪ್ ಬೇಕು.

ಬದಲಾಯಿಸುವ ವಿಧಾನ

1. ಗಾಳಿಯಾಡುವ ಸ್ಥಳದಲ್ಲಿ ವಾಹನವನ್ನು ಸಮತಟ್ಟಾಗಿ ನಿಲ್ಲಿಸಿ, ಚಕ್ರಗಳಿಗೆ ಅಡ್ಡ ಕೊಟ್ಟು, ಎಂಜಿನ್ ತಣ್ಣಗಾಗಲು ಬಿಡಬೇಕು. ಬೀಡಿ, ಬೆಂಕಿ ಸಮೀಪವಿರಬಾರದು. ಅಗ್ನಿಶಾಮಕ ಸಿಲಿಂಡರ್ ಕೈಗೆಟುಕುವಂತಿರಬೇಕು.
2. ಬ್ಯಾಟರಿಯ ಋಣ ತಂತಿಯನ್ನು ಬಿಚ್ಚಬೇಕು.
3. ಅಗತ್ಯವಿದ್ದರೆ ಸ್ಟೆಪ್ನಿ ಇಳಿಸಿ, ಮಾಡ್ಯೂಲಿನ ಸುತ್ತಲಿನ ಮಣ್ಣನ್ನು ತೆಗೆಯಬೇಕು.
4. ಕನೆಕ್ಟರಿನ ಬೀಗವನ್ನು ಒತ್ತಿ ಬಿಡಿಸಬೇಕು. ತಂತಿ ಹಿಡಿದು ಎಳೆಯಬಾರದು. ಪಿನ್ನುಗಳಲ್ಲಿ ಹಸಿರು ಕಿಲುಬು ಅಥವಾ ಸುಟ್ಟ ಗುರುತು ಇದ್ದರೆ ಕನೆಕ್ಟರನ್ನೂ ದುರಸ್ತಿ ಮಾಡಬೇಕು.
5. ಬೋಲ್ಟ್ ಬಿಚ್ಚಿ ಹಳೆಯ ಮಾಡ್ಯೂಲನ್ನು ತೆಗೆದು, ಅದರ ಭಾಗಸಂಖ್ಯೆಯನ್ನು ಹೊಸದರೊಂದಿಗೆ ಹೋಲಿಸಬೇಕು.
6. ಹೊಸದನ್ನು ಅಂತರ ಬಿಲ್ಲೆಗಳ ಸಹಿತ ಜೋಡಿಸಿ, ಕನೆಕ್ಟರ್ 'ಕ್ಲಿಕ್' ಎನ್ನುವವರೆಗೆ ಒತ್ತಬೇಕು.
7. ಬ್ಯಾಟರಿ ಜೋಡಿಸಿ, ತಯಾರಕರು ಸೂಚಿಸಿದ್ದರೆ ಸ್ಕ್ಯಾನರ್ ಮೂಲಕ ಮಾಡ್ಯೂಲಿಗೆ ಪ್ರೋಗ್ರಾಮ್ ತುಂಬಬೇಕು. ಪ್ರೋಗ್ರಾಮ್ ಬೇಡುವ ವಾಹನಗಳಲ್ಲಿ ಬೇರೆ ವಾಹನದಿಂದ ತೆಗೆದ ಹಳೆಯ ಮಾಡ್ಯೂಲ್ ಕೆಲಸ ಮಾಡದಿರಬಹುದು.
8. ದೋಷಸಂಕೇತಗಳನ್ನು ಅಳಿಸಿ, ಇಂಧನ ಒತ್ತಡ ಮತ್ತು ಪಂಪ್ ಎಳೆಯುವ ಪ್ರವಾಹವನ್ನು ಅಳೆದು, ಹೊರೆಯೊಂದಿಗೆ ಓಡಿಸಿ ನೋಡಬೇಕು.

ಪ್ರತ್ಯೇಕವಾಗಿರುವ ಮಾಡ್ಯೂಲನ್ನು ಬದಲಾಯಿಸಲು ಇಂಧನದ ಕೊಳವೆಯನ್ನು ಬಿಚ್ಚಬೇಕಾಗಿಲ್ಲ. ಮಾಡ್ಯೂಲ್ ಟ್ಯಾಂಕಿನ ಪಂಪ್ ಜೋಡಣೆಯಲ್ಲಿಯೇ ಅಡಕವಾಗಿದ್ದರೆ ಮಾತ್ರ ಮೊದಲು ಕೊಳವೆಯೊಳಗಿನ ಒತ್ತಡವನ್ನು ಇಳಿಸಬೇಕು. ಪಂಪಿಗೆ ಬ್ಯಾಟರಿಯಿಂದ ನೇರ ತಂತಿ ಜೋಡಿಸಿ ವಾಹನ ಓಡಿಸುವುದು ಅಪಾಯಕಾರಿ. ಅಪಘಾತವಾದಾಗ ಅಥವಾ ಎಂಜಿನ್ ನಿಂತಾಗ ಪಂಪನ್ನು ನಿಲ್ಲಿಸುವ ರಕ್ಷಣೆ ಇದರಿಂದ ತಪ್ಪಿಹೋಗಿ, ಒಡೆದ ಕೊಳವೆಯಿಂದ ಇಂಧನ ಹರಿಯುತ್ತಲೇ ಇರಬಹುದು.

ಕೋಲಾರ ಜಿಲ್ಲೆಯ ಸಂದರ್ಭ

ಮಾಲೂರು, ಮುಳಬಾಗಿಲು ಮತ್ತು ಶ್ರೀನಿವಾಸಪುರ ತಾಲ್ಲೂಕುಗಳಲ್ಲಿ ಬೆಳೆಯುವ ತರಕಾರಿ ಮತ್ತು ಮಾವು ಹೆಚ್ಚಾಗಿ ಪಿಕಪ್ ಮತ್ತು ಸಣ್ಣ ಟ್ರಕ್ಕುಗಳಲ್ಲಿ ಮಾರುಕಟ್ಟೆ ತಲುಪುತ್ತವೆ. ಕೋಲಾರದ ಎಪಿಎಂಸಿ ಪ್ರಾಂಗಣವು ಟೊಮೆಟೊ ವಹಿವಾಟಿಗೆ ಹೆಸರಾಗಿದೆ. ಹರಾಜಿನ ಹೊತ್ತಿಗೆ ತಲುಪದ ಹೊರೆಗೆ ಒಳ್ಳೆಯ ಬೆಲೆ ದೊರೆಯುವುದು ಕಷ್ಟ. ಆದ್ದರಿಂದ ದಾರಿಯಲ್ಲಿ ವಾಹನ ನಿಂತರೆ ದುರಸ್ತಿಯ ವೆಚ್ಚದೊಂದಿಗೆ ಬೆಳೆಗಾರನ ನಷ್ಟವೂ ಸೇರುತ್ತದೆ. ಮಾಲೂರಿನ ಹೆಂಚು ಮತ್ತು ಇಟ್ಟಿಗೆ ಉದ್ಯಮವೂ ಸಾಗಣೆ ವಾಹನಗಳನ್ನು ಅವಲಂಬಿಸಿದೆ.

2020ರ ಏಪ್ರಿಲ್ 1ರಿಂದ ದೇಶದಾದ್ಯಂತ ಬಿಎಸ್-6 ಮಾನದಂಡ ಜಾರಿಗೆ ಬಂದ ಬಳಿಕ ಸರಕು ವಾಹನಗಳಲ್ಲಿಯೂ ಎಲೆಕ್ಟ್ರಾನಿಕ್ ನಿಯಂತ್ರಣ ಹೆಚ್ಚಿದೆ. ಹಿಂದೆ ಸ್ಪ್ಯಾನರ್ ಮತ್ತು ಅನುಭವದಿಂದ ನಡೆಯುತ್ತಿದ್ದ ಗ್ಯಾರೇಜ್ ಕೆಲಸಕ್ಕೆ ಈಗ ಸ್ಕ್ಯಾನರ್, ಮಲ್ಟಿಮೀಟರ್ ಮತ್ತು ವೈರಿಂಗ್ ನಕ್ಷೆ ಓದುವ ತಿಳಿವಳಿಕೆಯೂ ಅಗತ್ಯವಾಗಿದೆ.